ಲ್ಯಾಪ್‌ಟಾಪಿನಲ್ಲೇ ಉಳಿದ ಕೋಡನ್ನು ಹೊರಗೆ ತನ್ನಿ: ಮೊದಲ ಓಪನ್ ಸೋರ್ಸ್ ಪ್ರಾಜೆಕ್ಟಿಗೆ ಸಮಗ್ರ ಮಾರ್ಗದರ್ಶಿ

ನನ್ನ ಚಿಕ್ಕಪ್ಪ ಸಾಗರದಲ್ಲಿ ಅಡಿಕೆ ಮಂಡಿಯೊಂದರ ಲೆಕ್ಕ ನೋಡಿಕೊಳ್ಳುತ್ತಾರೆ. ಒಂದು ದಿನ ಫೋನ್ ಮಾಡಿ, "ಕಂಪ್ಯೂಟರ್ ರಸೀದಿ ಹೊಡೆಯುತ್ತೆ ಕಣೋ, ಆದ್ರೆ ಮೊತ್ತವನ್ನ ಅಕ್ಷರದಲ್ಲಿ ಇಂಗ್ಲಿಷಿನಲ್ಲೇ ಬರೆಯುತ್ತೆ. ಕನ್ನಡದಲ್ಲಿ ಬರೋ ಹಾಗೆ ಮಾಡಿಕೊಡ್ತೀಯಾ?" ಅಂತ ಕೇಳಿದರು. ಒಂದು ಭಾನುವಾರ ಕೂತು ಜಾವಾಸ್ಕ್ರಿಪ್ಟಿನಲ್ಲಿ ಸುಮಾರು 80 ಸಾಲು ಬರೆದೆ. 1,05,250 ಅಂತ ಕೊಟ್ಟರೆ "ಒಂದು ಲಕ್ಷ ಐದು ಸಾವಿರ ಇನ್ನೂರು ಐವತ್ತು" ಅಂತ ಬರುತ್ತಿತ್ತು. ಚಿಕ್ಕಪ್ಪ ನೋಡಿ, "ಸಾಕು ಬಿಡು, ಅರ್ಥ ಆಗುತ್ತೆ" ಅಂದರು. ಅಲ್ಲಿಗೆ ಮುಗೀತು ಅಂದುಕೊಂಡೆ.

ಒಂದೂವರೆ ವರ್ಷ ಆ ಫೈಲು ನನ್ನ ಲ್ಯಾಪ್‌ಟಾಪಿನಲ್ಲಿ ಸುಮ್ನೆ ಬಿದ್ದಿತ್ತು. ಆಮೇಲೆ ಒಬ್ಬ ಗೆಳೆಯ ತನ್ನ ಅಪಾರ್ಟ್‌ಮೆಂಟ್ ಸಂಘದ ರಸೀದಿಗೆ ಇಂಥದ್ದೇ ಬೇಕು ಅಂದಾಗ, ವಾಟ್ಸಾಪಿನಲ್ಲಿ ಕಳಿಸುವ ಬದಲು ಗಿಟ್‌ಹಬ್ ಅನ್ನುವ ಕೋಡ್ ಹಂಚುವ ತಾಣಕ್ಕೆ ಹಾಕಿ ಲಿಂಕ್ ಕೊಟ್ಟೆ. ಒಂದೇ ವಾರದಲ್ಲಿ ಗುರುತು ಪರಿಚಯ ಇಲ್ಲದವರೊಬ್ಬರು ಅಲ್ಲಿ ಬರೆದರು: "ಹೀಗೆ ಯಾರು ಮಾತಾಡ್ತಾರೆ ಸಾರ್? ಲಕ್ಷದ, ಸಾವಿರದ, ಇನ್ನೂರ ಅಂತ ಬರಬೇಕಲ್ವಾ?"

ಹೌದಲ್ಲ! "ಒಂದು ಲಕ್ಷದ ಐದು ಸಾವಿರದ ಇನ್ನೂರ ಐವತ್ತು." ಕನ್ನಡದಲ್ಲಿ ನೂರು, ಸಾವಿರ, ಲಕ್ಷಗಳಿಗೆಲ್ಲ ಎರಡೆರಡು ರೂಪ ಇದೆ. ಕೊನೆಯಲ್ಲಿ ಬಂದರೆ ಒಂದು, ಮುಂದೆ ಇನ್ನೊಂದು ಅಂಕಿ ಇದ್ದರೆ ಇನ್ನೊಂದು. ಹುಟ್ಟಿದಾಗಿನಿಂದ ಮಾತಾಡಿದ ಭಾಷೆ, ಕೋಡ್ ಬರೆಯುವಾಗ ಮಾತ್ರ ನನಗೆ ಹೊಳೆಯಲಿಲ್ಲ. ಚಿಕ್ಕಪ್ಪನಿಗೆ ಹೊಳೆದಿತ್ತು, ದಾಕ್ಷಿಣ್ಯಕ್ಕೆ ಹೇಳಲಿಲ್ಲ.

ಕೋಡನ್ನು ಯಾಕೆ ಹೊರಗೆ ಹಾಕಬೇಕು ಅಂತ ಕೇಳಿದರೆ ನಾನು ಕೊಡುವ ಕಾರಣ ಇದೇ. ದಾನ ಧರ್ಮದ ಮಾತು ಆಮೇಲೆ. ಮನೆಯವರಿಗೆ ದಾಕ್ಷಿಣ್ಯ, ಸಹೋದ್ಯೋಗಿಗಳಿಗೆ ಪುರುಸೊತ್ತಿಲ್ಲ. ಅಪರಿಚಿತರು ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ, ಎಷ್ಟೋ ಸಲ ಸರಿ ಮಾಡಿಯೂ ಕೊಡುತ್ತಾರೆ. ಇನ್ನೊಂದು ಲಾಭವೂ ಇದೆ. ಹತ್ತು ವರ್ಷ ಕಂಪನಿಯಲ್ಲಿ ದುಡಿದರೂ ಇಂಟರ್‌ವ್ಯೂನಲ್ಲಿ "ಇದು ನಾನು ಬರೆದದ್ದು" ಅಂತ ತೋರಿಸಲು ನಿಮ್ಮ ಹತ್ತಿರ ಒಂದು ಸಾಲೂ ಇರುವುದಿಲ್ಲ. ಅದೆಲ್ಲ ಕಂಪನಿಯದು.

ಹೀಗೆ ಯಾರು ಬೇಕಾದರೂ ನೋಡಿ, ಬಳಸಿ, ಬದಲಿಸಿ, ಹಂಚಬಹುದು ಅಂತ ಕೋಡನ್ನು ತೆರೆದಿಡುವುದೇ ಓಪನ್ ಸೋರ್ಸ್. ಸರಿ, ಹೇಗೆ ಮಾಡುವುದು ಅಂತ ನೋಡೋಣ.

ಹೆಜ್ಜೆ 1: ಹೊಸದು ಬರೆಯಬೇಡಿ, ಇರುವುದನ್ನು ಹುಡುಕಿ

"ಓಪನ್ ಸೋರ್ಸ್ ಪ್ರಾಜೆಕ್ಟ್ ಶುರು ಮಾಡ್ತೀನಿ" ಅಂತ ಹೊರಟವರು ಸಾಮಾನ್ಯವಾಗಿ ದೊಡ್ಡ ಹೆಸರು, ಚಂದದ ಲೋಗೋ ಮಾಡಿ ಮೂರನೇ ವಾರಕ್ಕೆ ಬಿಡುತ್ತಾರೆ. ಅದರ ಬದಲು ನಿಮ್ಮ ಡೌನ್‌ಲೋಡ್ಸ್, ಡೆಸ್ಕ್‌ಟಾಪ್ ಫೋಲ್ಡರುಗಳನ್ನು ಒಮ್ಮೆ ನೋಡಿ. ಬೆಸ್ಕಾಂ ಬಿಲ್ಲುಗಳನ್ನು ಒಂದು ಶೀಟಿಗೆ ತರುವ ಸ್ಕ್ರಿಪ್ಟು, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೇ ಫೈಲನ್ನು ಯುನಿಕೋಡಿಗೆ ತರಲು ಬರೆದ ನಾಲ್ಕು ಸಾಲು, ಇಂಥವು ಸಿಗುತ್ತವೆ. ನಿಮಗೆ ಒಮ್ಮೆ ಬೇಕಾಗಿದ್ದು ಇನ್ನೂ ಹತ್ತು ಜನಕ್ಕೆ ಬೇಕಾಗಿರುತ್ತದೆ.

ಚಿಕ್ಕದು ಅಂತ ನಾಚಿಕೆ ಬೇಡ. 1991ರ ಆಗಸ್ಟ್ 25ರಂದು ಲಿನಸ್ ಟೊರ್ವಾಲ್ಡ್ಸ್ ತಾನು ಬರೆಯುತ್ತಿದ್ದ ಆಪರೇಟಿಂಗ್ ಸಿಸ್ಟಮ್ ಬಗ್ಗೆ ತಿಳಿಸಿದಾಗ, ಇದು ಬರೀ ಹವ್ಯಾಸ, ದೊಡ್ಡದೇನೂ ಆಗಲ್ಲ ಅಂತಲೇ ಬರೆದಿದ್ದರು. ಅದೇ ಲಿನಕ್ಸ್. ನಿಮ್ಮದು ಲಿನಕ್ಸ್ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ 2016ರ ಮಾರ್ಚಿನಲ್ಲಿ ಲೆಫ್ಟ್‌ಪ್ಯಾಡ್ ಅನ್ನುವ 11 ಸಾಲಿನ ಕೋಡನ್ನು ಅದರ ಲೇಖಕ ಎನ್‌ಪಿಎಂ ಅನ್ನುವ ಜಾವಾಸ್ಕ್ರಿಪ್ಟ್ ಕೋಡಿನ ಭಂಡಾರದಿಂದ ತೆಗೆದುಹಾಕಿದಾಗ ಜಗತ್ತಿನಾದ್ಯಂತ ಸಾವಿರಾರು ಪ್ರಾಜೆಕ್ಟುಗಳು ಬಿಲ್ಡ್ ಆಗದೆ (ಓಡುವ ರೂಪಕ್ಕೆ ಬರದೆ) ನಿಂತವು. 11 ಸಾಲಿಗೂ ಅಷ್ಟು ಜನ ಒರಗಿಕೊಂಡಿರುತ್ತಾರೆ.

ಆಮೇಲೆ, ಇಂಥದ್ದು ಆಗಲೇ ಇದೆಯಾ ಅಂತ ಹುಡುಕಿ. ನಾನು ಹುಡುಕಲಿಲ್ಲ, ಅದು ತಪ್ಪು. ಪೈಥಾನ್ ಭಾಷೆಯ ನಮ್2ವರ್ಡ್ಸ್ ಲೈಬ್ರರಿಯಲ್ಲಿ (ಬೇರೆಯವರು ಬಳಸಿಕೊಳ್ಳಲಿ ಅಂತ ಬರೆದಿಟ್ಟ ಕೋಡು) ಕನ್ನಡವೂ ಇದೆ ಅಂತ ಆಮೇಲೆ ಗೊತ್ತಾಯಿತು. ನನಗೆ ಬ್ರೌಸರಿನಲ್ಲೇ ಓಡುವಂಥದ್ದು ಬೇಕಿತ್ತು, ಹಾಗಾಗಿ ನನ್ನದಕ್ಕೂ ಜಾಗ ಉಳಿಯಿತು. ಆದರೆ ಇರುವುದೇ ನಿಮಗೆ ಸಾಕಾಗುತ್ತದೆ ಅಂದರೆ ಹೊಸ ಅಂಗಡಿ ತೆರೆಯಬೇಡಿ, ಅದಕ್ಕೇ ಕೈ ಜೋಡಿಸಿ.

ಹೆಜ್ಜೆ 2: ಕೋಡ್ ನಿಮ್ಮದೇನಾ?

ಇದನ್ನು ಹಾರಿಸಿ ಮುಂದೆ ಹೋಗಬೇಡಿ. ನಮ್ಮ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯೇ. ಕಥೆಗಾರನಿಗೆ ಇರುವ ಹಕ್ಕು ನಿಮಗೂ ಇದೆ. ಖುಷಿಯ ವಿಷಯವೇ. ಆದರೆ ಅದೇ ಕಾಯ್ದೆಯ 17ನೇ ಸೆಕ್ಷನ್ ಇನ್ನೊಂದು ಮಾತು ಹೇಳುತ್ತದೆ: ನೌಕರಿಯ ಭಾಗವಾಗಿ ಬರೆದದ್ದಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಒಡೆಯ ಮಾಲೀಕನೇ.

ಆದ್ದರಿಂದ ಕೆಲಸಕ್ಕೆ ಸೇರುವಾಗ ಓದದೇ ಸಹಿ ಹಾಕಿದ ಆ ಪತ್ರವನ್ನು ಈಗ ತೆಗೆದು ಓದಿ. ಕೆಲವು ಕಂಪನಿಗಳು "ನೌಕರಿಯಲ್ಲಿ ಇರುವಷ್ಟು ದಿನ ನೀವು ಬರೆದದ್ದೆಲ್ಲ ನಮ್ಮದೇ" ಅನ್ನುವಂಥ ಸಾಲು ಹಾಕಿರುತ್ತವೆ. ಹಾಗಿದ್ದರೆ ಎಚ್ಆರ್‌ಗೆ ಒಂದು ಮೇಲ್ ಹಾಕಿ, ಬರವಣಿಗೆಯಲ್ಲಿ ಒಪ್ಪಿಗೆ ತಗೊಳ್ಳಿ. ನಾನು ಕೇಳಿದಾಗ ನಾಲ್ಕು ದಿನಕ್ಕೆ "ಆಗಬಹುದು" ಅಂತ ಉತ್ತರ ಬಂತು. ಮಂಡಿ ರಸೀದಿಯ ಮೇಲೆ ಯಾರಿಗೂ ಆಸೆ ಇರಲಿಲ್ಲ, ಬಿಡಿ. ಕಂಪನಿ ಲ್ಯಾಪ್‌ಟಾಪು, ಕಂಪನಿ ಸಮಯ, ಕಂಪನಿ ಕೋಡಿನ ತುಣುಕು, ಈ ಮೂರನ್ನೂ ದೂರ ಇಡಿ.

ಹೆಜ್ಜೆ 3: ಗುಡಿಸಿ ಸಾರಿಸಿ

ಹೊರಗೆ ಹಾಕುವ ಮುಂಚೆ ಕೋಡಿನೊಳಗೆ ಪಾಸ್‌ವರ್ಡ್, ಎಪಿಐ ಕೀ (ಬೇರೆ ಸೇವೆಗಳನ್ನು ಕೋಡಿನಿಂದ ಬಳಸಲು ಕೊಡುವ ಗುಟ್ಟಿನ ಸಂಕೇತ), ಡೇಟಾಬೇಸ್ ವಿಳಾಸ ಏನಾದರೂ ಇದೆಯಾ ನೋಡಿ. ಇದ್ದರೆ ಅಳಿಸಿದರೆ ಸಾಲದು. ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್ ಅನ್ನುವ ಟೂಲು ಹಳೆಯದನ್ನೆಲ್ಲ ನೆನಪಿಟ್ಟುಕೊಂಡಿರುತ್ತದೆ. ಇವತ್ತು ಅಳಿಸಿದ ಕೀ, ಆರು ತಿಂಗಳ ಹಿಂದಿನ ಕಮಿಟ್‌ನಲ್ಲಿ (ಗಿಟ್‌ನಲ್ಲಿ ಉಳಿಸಿದ ದಾಖಲೆ) ಹಾಗೇ ಕೂತಿರುತ್ತದೆ. ಮೊದಲು ಆ ಕೀಯನ್ನೇ ರದ್ದು ಮಾಡಿ ಹೊಸದು ತಗೊಳ್ಳಿ. ಇತಿಹಾಸ ತೊಳೆಯುವುದು ಆಮೇಲಿನ ಕೆಲಸ. ಚಿಕ್ಕ ಪ್ರಾಜೆಕ್ಟ್ ಆದರೆ ಇನ್ನೂ ಸುಲಭದ ದಾರಿ ಇದೆ: ಶುಚಿ ಮಾಡಿದ ಫೈಲುಗಳನ್ನಷ್ಟೇ ಹೊಸ ಫೋಲ್ಡರಿಗೆ ಹಾಕಿ, ಅಲ್ಲಿ ಗಿಟ್ ಇನಿಟ್ ಅನ್ನುವ ಆದೇಶ ಕೊಟ್ಟು ಹೊಸದಾಗಿ ಶುರು ಮಾಡಿ. ಹಳೇ ಇತಿಹಾಸ ಯಾರಿಗೂ ಬೇಕಿಲ್ಲ.

ನನ್ನದರಲ್ಲಿ ಪಾಸ್‌ವರ್ಡ್ ಇರಲಿಲ್ಲ. ಆದರೆ ಪರೀಕ್ಷೆಗೆ ಅಂತ ಚಿಕ್ಕಪ್ಪ ಕಳಿಸಿದ್ದ ಅಸಲಿ ರಸೀದಿಗಳಿದ್ದವು. ಯಾವ ರೈತರು ಎಷ್ಟು ಕ್ವಿಂಟಲ್ ತಂದರು, ಎಷ್ಟು ದುಡ್ಡು ತಗೊಂಡರು, ಫೋನ್ ನಂಬರ್ ಸಮೇತ. ಅಪ್‌ಲೋಡ್ ಬಟನ್ ಒತ್ತುವ ಹೊತ್ತಿಗೆ ಕಣ್ಣಿಗೆ ಬಿತ್ತು. ಈಗಲೂ ನೆನೆದರೆ ಎದೆ ಝಲ್ ಅನ್ನುತ್ತೆ. ಅಸಲಿ ಜನರ ಮಾಹಿತಿ ಒಂದು ಸಾಲೂ ಇರಬಾರದು.

ನಿಮ್ಮ ಮಾಹಿತಿಯೂ ಅಷ್ಟೇ. ಪ್ರತಿ ಕಮಿಟ್‌ನಲ್ಲೂ ನಿಮ್ಮ ಇಮೇಲ್ ಸೇರಿಕೊಳ್ಳುತ್ತದೆ. ಅದು ಬೇಡ ಅಂದರೆ ಗಿಟ್‌ಹಬ್ ಸೆಟ್ಟಿಂಗ್ಸ್‌ನಲ್ಲಿ ಇಮೇಲ್ ಮುಚ್ಚಿಡುವ ಆಯ್ಕೆ ಇದೆ, ಬದಲಿ ವಿಳಾಸ ಕೊಡುತ್ತಾರೆ.

ಹೆಜ್ಜೆ 4: ಲೈಸೆನ್ಸ್

ಜಾಸ್ತಿ ಜನ ಎಡವುವುದು ಇಲ್ಲೇ. ಕೋಡ್ ಎಲ್ಲರಿಗೂ ಕಾಣುತ್ತೆ ಅಂದ ಮಾತ್ರಕ್ಕೆ ಅದು ಓಪನ್ ಸೋರ್ಸ್ ಆಗುವುದಿಲ್ಲ. ಮೇಲೆ ಹೇಳಿದ ಕಾಯ್ದೆಯನ್ನೇ ಇನ್ನೊಂದು ಕಡೆಯಿಂದ ನೋಡಿ. ನೀವು ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು, ನೋಂದಣಿಯೂ ಬೇಕಿಲ್ಲ. ಅಂದರೆ ನೀವು ಬರೆದುಕೊಡುವ ತನಕ ಬೇರೆಯವರಿಗೆ ಅದನ್ನು ಬಳಸುವ, ಬದಲಿಸುವ, ಹಂಚುವ ಅನುಮತಿ ಇಲ್ಲ. ಹಿತ್ತಲ ಮಾವಿನ ಮರ ರಸ್ತೆಯಿಂದ ಕಾಣುತ್ತೆ ಅಂತ ಯಾರೂ ಕೀಳುವ ಹಾಗಿಲ್ಲ, ಅಲ್ವಾ? ಕೀಳಬಹುದು ಅಂತ ಬೋರ್ಡ್ ಹಾಕುವುದೇ ಲೈಸೆನ್ಸ್.

ಬೋರ್ಡುಗಳು ನೂರಾರಿವೆ. ನಿಮಗೆ ಬೇಕಾಗುವುದು ಮೂರೋ ನಾಲ್ಕೋ.

ಎಂಐಟಿ ಅತ್ಯಂತ ಚಿಕ್ಕದು, ಒಂದು ಪುಟವೂ ಇಲ್ಲ. ಏನು ಬೇಕಾದರೂ ಮಾಡಿ, ಮಾರಿಕೊಳ್ಳಿ, ನನ್ನ ಕಾಪಿರೈಟ್ ಸಾಲು ತೆಗೆಯಬೇಡಿ, ಏನಾದರೂ ಎಡವಟ್ಟಾದರೆ ನನ್ನನ್ನು ಹಿಡಿಯಬೇಡಿ, ಇಷ್ಟೇ ಅದರ ಸಾರ. ಅಪಾಚೆ 2.0 ಬಂದಿದ್ದು 2004ರಲ್ಲಿ. ಎಂಐಟಿಯಂತೆಯೇ ಉದಾರ, ಜೊತೆಗೆ ಪೇಟೆಂಟ್ ಬಗ್ಗೆಯೂ ಸ್ಪಷ್ಟವಾಗಿ ಹೇಳುತ್ತದೆ. ದೊಡ್ಡ ಕಂಪನಿಗಳ ವಕೀಲರಿಗೆ ಇದು ಇಷ್ಟ.

ಜಿಪಿಎಲ್ ಸ್ವಲ್ಪ ಬೇರೆ ಜಾತಿ. ನನ್ನ ಕೋಡನ್ನು ಬದಲಿಸಿ ಬೇರೆಯವರಿಗೆ ಕೊಡುತ್ತೀರಾ, ಹಾಗಾದರೆ ನೀವು ಬದಲಿಸಿದ್ದನ್ನೂ ಇದೇ ಷರತ್ತಿನ ಮೇಲೆ ತೆರೆದಿಡಿ ಅನ್ನುತ್ತದೆ. ಮೊಸರಿಗೆ ಹೆಪ್ಪು ಹಾಕಿದ ಹಾಗೆ, ಸೇರಿದ ಹಾಲೆಲ್ಲ ಮೊಸರೇ. ಲಿನಕ್ಸ್ ಮೊದಲು ಬಂದಾಗ ಅದನ್ನು ದುಡ್ಡಿಗೆ ಹಂಚುವ ಹಾಗಿರಲಿಲ್ಲ. 1992ರಲ್ಲಿ ಟೊರ್ವಾಲ್ಡ್ಸ್ ಅದನ್ನು ಜಿಪಿಎಲ್‌ಗೆ ತಂದರು. ಆಮೇಲೆ ಅದನ್ನು ಮಾರುವ ಕಂಪನಿಗಳೂ ಬಂದವು, ತಿದ್ದಿದ್ದು ವಾಪಸ್ಸೂ ಬಂತು. ಸರ್ವರಿನಲ್ಲಿಟ್ಟು ಸೇವೆ ಕೊಡುವವರಿಗೂ ಇದೇ ಷರತ್ತು ಬೇಕು ಅಂದರೆ ಎಜಿಪಿಎಲ್ ಇದೆ.

ಎಂಐಟಿ, ಜಿಪಿಎಲ್ ಎರಡರಲ್ಲಿ ಯಾವುದು ಒಳ್ಳೆಯದು ಅಂತ ಜಗಳ ಆಡುವವರ ಮಧ್ಯೆ ಕೂರಬೇಡಿ, ಸಂಜೆ ಹಾಳು. ಮುಂಬೈನ ಫ್ರಾಪೆ ಕಂಪನಿಯನ್ನು ನೋಡಿ. ಅವರ ಫ್ರೇಮ್‌ವರ್ಕ್ (ಆ್ಯಪ್ ಕಟ್ಟಲು ಬುನಾದಿಯಾಗುವ ಕೋಡು) ಎಂಐಟಿಯಲ್ಲಿದೆ, ಅದರ ಮೇಲೆ ಕಟ್ಟಿದ, ವ್ಯಾಪಾರದ ಲೆಕ್ಕಪತ್ರ ನೋಡಿಕೊಳ್ಳುವ ಇಆರ್‌ಪಿನೆಕ್ಸ್ಟ್ ಜಿಪಿಎಲ್‌ನಲ್ಲಿದೆ. ಒಂದೇ ಮನೆ, ಎರಡು ಬೋರ್ಡು. ನನ್ನ ಅಭಿಪ್ರಾಯ ಕೇಳಿದರೆ, ಬೇರೆಯವರು ತಮ್ಮ ಕೋಡಿನೊಳಗೆ ಸೇರಿಸಿಕೊಳ್ಳುವ ಪುಟ್ಟ ಲೈಬ್ರರಿಗೆ ಎಂಐಟಿ, ತಾನೇ ಪೂರ್ತಿ ನಿಲ್ಲುವ ಆ್ಯಪ್‌ಗೆ ಜಿಪಿಎಲ್. ಫಾಂಟ್ ಮಾಡಿದ್ದರೆ ಇವೆರಡೂ ಬೇಡ, ಅದಕ್ಕೇ ಅಂತ ಓಪನ್ ಫಾಂಟ್ ಲೈಸೆನ್ಸ್ ಇದೆ. ಗೂಗಲ್ ಫಾಂಟ್ಸ್‌ನಲ್ಲಿ ಸಿಗುವ ನೋಟೋ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ ಎರಡೂ ಅದರಲ್ಲೇ ಬಂದಿರುವುದು.

ಸ್ವಂತ ಲೈಸೆನ್ಸ್ ಬರೆಯಲು ಮಾತ್ರ ಹೋಗಬೇಡಿ. "ಒಳ್ಳೆಯವರು ಮಾತ್ರ ಬಳಸಿ" ಅಂತ ಬರೆದರೆ ವಕೀಲರಿಗೆ ತಲೆನೋವು, ಒಳ್ಳೆಯವರೂ ಹತ್ತಿರ ಬರುವುದಿಲ್ಲ.

ಹೆಜ್ಜೆ 5: ರೀಡ್‌ಮಿಯನ್ನು ಚಿಕ್ಕಪ್ಪನಿಗೆ ಅರ್ಥವಾಗುವ ಹಾಗೆ ಬರೆಯಿರಿ

ನಿಮ್ಮ ಪ್ರಾಜೆಕ್ಟಿಗೆ ಬರುವ ಹತ್ತರಲ್ಲಿ ಒಂಬತ್ತು ಜನ ಕೋಡನ್ನು ನೋಡುವುದೇ ಇಲ್ಲ. ಪ್ರಾಜೆಕ್ಟಿನ ಪರಿಚಯ ಪುಟವಾದ ರೀಡ್‌ಮಿಯ ಮೊದಲ ನಾಲ್ಕು ಸಾಲು ಓದಿ ಇರಬೇಕೋ ಹೋಗಬೇಕೋ ಅಂತ ತೀರ್ಮಾನ ಮಾಡುತ್ತಾರೆ. ನನ್ನ ಮೊದಲ ರೀಡ್‌ಮಿ ಶುರುವಾಗಿದ್ದು "ಇದೊಂದು ಹಗುರವಾದ, ವೇಗವಾದ, ಯಾವುದರ ಮೇಲೂ ಅವಲಂಬಿಸದ ಮಾಡ್ಯೂಲ್" ಅಂತ. ಏನು ಮಾಡುತ್ತೆ ಅಂತಲೇ ಹೇಳಿರಲಿಲ್ಲ! ಈಗ ಹೀಗಿದೆ:

ಸಂಖ್ಯೆ ಕೊಟ್ಟರೆ ಕನ್ನಡ ಪದಗಳಲ್ಲಿ ಬರೆದುಕೊಡುತ್ತದೆ. ರಸೀದಿ, ಚೆಕ್, ಬಿಲ್ಲಿಗೆ.
ಕೊಡುವುದು: 1,05,250
ಬರುವುದು: ಒಂದು ಲಕ್ಷದ ಐದು ಸಾವಿರದ ಇನ್ನೂರ ಐವತ್ತು
ಕೋಟಿಯವರೆಗೆ ಪರೀಕ್ಷೆ ಮಾಡಿದೆ. ಋಣ ಸಂಖ್ಯೆ ಬರುವುದಿಲ್ಲ.

ಕೊನೆಯ ಸಾಲು ಮುಖ್ಯ. ಏನು ಬರುವುದಿಲ್ಲ ಅಂತ ಮೊದಲೇ ಹೇಳಿದರೆ ಜನ ನಂಬುತ್ತಾರೆ. ಆಮೇಲೆ ಇನ್‌ಸ್ಟಾಲ್ ಮಾಡುವ ಬಗೆ, ಒಂದು ಪೂರ್ತಿ ಉದಾಹರಣೆ, ಲೈಸೆನ್ಸ್ ಯಾವುದು, ತೊಂದರೆ ಇದ್ದರೆ ಎಲ್ಲಿ ಹೇಳಬೇಕು, ಇಷ್ಟಿದ್ದರೆ ಸಾಕು. ಕನ್ನಡಕ್ಕೆ ಸಂಬಂಧಿಸಿದ ಪ್ರಾಜೆಕ್ಟ್ ಆದರೆ ರೀಡ್‌ಮಿ ಕನ್ನಡದಲ್ಲೂ ಇರಲಿ. ಇಂಗ್ಲಿಷಿನಲ್ಲಿ ಮಾತ್ರ ಇದ್ದಾಗ ನನಗೆ ಬಂದದ್ದೆಲ್ಲ ಡೆವಲಪರ್‌ಗಳ ಮಾತು. ಕನ್ನಡದಲ್ಲಿ ಹಾಕಿದ ಮೇಲೆ ರಸೀದಿ ಬರೆಯುವವರೇ ಬಂದರು.

ಹೆಜ್ಜೆ 6: ನಾಲ್ಕು ಟೆಸ್ಟ್ ಇರಲಿ

ಟೆಸ್ಟ್ ಅಂದರೆ ನಿಮ್ಮ ಕೋಡ್ ಸರಿಯಾದ ಉತ್ತರ ಕೊಡುತ್ತಾ ಅಂತ ತಾನಾಗೇ ನೋಡುವ ಕೋಡ್. ನೂರಕ್ಕೆ ನೂರು ಕವರೇಜ್, ಅಂದರೆ ಪ್ರತಿ ಸಾಲಿಗೂ ಟೆಸ್ಟ್, ಬೇಕಿಲ್ಲ. ಆದರೆ ಬೇರೆಯವರು ನಿಮ್ಮ ಕೋಡಿಗೆ ಕೈ ಹಾಕಬೇಕು ಅಂದರೆ, ಮುರಿದರೆ ಗೊತ್ತಾಗುತ್ತೆ ಅನ್ನುವ ಧೈರ್ಯ ಅವರಿಗೆ ಬೇಕು. ನನ್ನ ಟೆಸ್ಟ್ ಫೈಲನ್ನು ಕೋಡ್ ಬರದವರೂ ಓದಬಹುದು. ಎಡಗಡೆ 100, ಬಲಗಡೆ ನೂರು. ಎಡಗಡೆ 105, ಬಲಗಡೆ ನೂರ ಐದು. 1,00,000ಕ್ಕೆ ಒಂದು ಲಕ್ಷ, 1,00,001ಕ್ಕೆ ಒಂದು ಲಕ್ಷದ ಒಂದು. ಬರೀ ಪಟ್ಟಿ.

ಈ ಪಟ್ಟಿಯೇ ಒಂದು ದಿನ ಕಾಪಾಡಿತು. 19.99 ಕೊಟ್ಟರೆ "ಹತ್ತೊಂಬತ್ತು ರೂಪಾಯಿ ತೊಂಬತ್ತೆಂಟು ಪೈಸೆ" ಅಂತ ಬರುತ್ತಿದೆ ಅಂತ ಒಬ್ಬರು ಪಟ್ಟಿಗೆ ಒಂದು ಸಾಲು ಸೇರಿಸಿ ಕಳಿಸಿದರು. ಒಂದು ಪೈಸೆ ಎಲ್ಲಿ ಹೋಯಿತು? ಜಾವಾಸ್ಕ್ರಿಪ್ಟಿನಲ್ಲಿ 19.99ನ್ನು 100ರಿಂದ ಗುಣಿಸಿದರೆ 1999 ಬರುವುದಿಲ್ಲ, 1998.9999999999998 ಬರುತ್ತದೆ. ನಾನು ದಶಮಾಂಶ ಕತ್ತರಿಸಿ ಹಾಕುತ್ತಿದ್ದೆ. ಕತ್ತರಿಸುವ ಬದಲು ಹತ್ತಿರದ ಪೂರ್ಣ ಸಂಖ್ಯೆಗೆ ತಂದರೆ ಸರಿಹೋಯಿತು. ದುಡ್ಡಿನ ಲೆಕ್ಕವನ್ನು ಮೊದಲಿಂದಲೇ ಪೈಸೆಯಲ್ಲಿ ಇಡುವುದು ಇನ್ನೂ ಒಳ್ಳೆಯದು.

ಹೆಜ್ಜೆ 7: ಹಾಕಿ, ಹೇಳಿ

ಹಾಕುವುದು ಹತ್ತು ನಿಮಿಷದ ಕೆಲಸ. ಗಿಟ್‌ಹಬ್‌ನಲ್ಲಿ ಜನ ಜಾಸ್ತಿ. ಅಂಥದ್ದೇ ಇನ್ನೊಂದು ತಾಣ ಗಿಟ್‌ಲ್ಯಾಬ್ ಇದೆ. ದೊಡ್ಡ ಕಂಪನಿಯ ಕೈಯಲ್ಲಿ ಬೇಡ ಅನ್ನುವವರಿಗೆ ಕೋಡ್‌ಬರ್ಗ್ ಇದೆ, ಜರ್ಮನಿಯ ಲಾಭರಹಿತ ಸಂಘ ನಡೆಸುವುದು. ಮೊದಲ ಆವೃತ್ತಿಗೆ 0.1.0 ಅಂತ ಹೆಸರಿಡಿ. ಸೊನ್ನೆಯಿಂದ ಶುರುವಾದರೆ "ಇನ್ನೂ ಬದಲಾಗಬಹುದು" ಅಂತ ಅರ್ಥ, ಡೆವಲಪರ್‌ಗಳಿಗೆ ಅದು ಗೊತ್ತು.

ಹಾಕಿ ಸುಮ್ಮನೆ ಕೂತರೆ ಯಾರೂ ಬರಲ್ಲ. ಯಾರಿಗೆ ಬೇಕೋ ಅವರು ಇರುವ ಕಡೆ ಹೋಗಿ ಹೇಳಿ. ನನಗೆ ಟೆಕ್ ಗುಂಪುಗಳಿಗಿಂತ ಟ್ಯಾಲಿ ಬಳಸುವವರ ವಾಟ್ಸಾಪ್ ಗುಂಪಿನಿಂದ ಜಾಸ್ತಿ ಜನ ಬಂದರು. ಎದುರಾಬದುರು ಮಾತಾಡಬೇಕು ಅನ್ನಿಸಿದರೆ ಫಾಸ್ ಯುನೈಟೆಡ್ ಅನ್ನುವ ಓಪನ್ ಸೋರ್ಸ್ ಸಂಸ್ಥೆ ಬೇರೆ ಬೇರೆ ಊರುಗಳಲ್ಲಿ ಮೀಟಪ್ ನಡೆಸುತ್ತದೆ, ಬೆಂಗಳೂರಿನಲ್ಲಿ ಇಂಡಿಯಾಫಾಸ್ ಅನ್ನುವ ಸಮ್ಮೇಳನವನ್ನೂ ಮಾಡುತ್ತದೆ. ಅಲ್ಲಿ ಕಾಫಿ ಕುಡಿಯುತ್ತಾ ಐದು ನಿಮಿಷ ತೋರಿಸಿದ್ದು, ಇಲ್ಲಿ ಐವತ್ತು ಪೋಸ್ಟ್ ಹಾಕಿದ್ದಕ್ಕೆ ಸಮ.

ಹೆಜ್ಜೆ 8: ಮೊದಲ ಅಪರಿಚಿತರು ಬಂದಾಗ

ಯಾರಾದರೂ ತಪ್ಪು ತೋರಿಸಿದರೆ ಮೈಯೆಲ್ಲ ಉರಿಯುತ್ತದೆ. ಸಹಜ. ಅವತ್ತು ಉತ್ತರ ಬರೆಯಬೇಡಿ, ಮಾರನೇ ದಿನ ಬೆಳಗ್ಗೆ ಬರೆಯಿರಿ. ಮೊದಲ ಸಾಲು ಥ್ಯಾಂಕ್ಸ್ ಆಗಿರಲಿ. ಸಮಸ್ಯೆ ಅರ್ಥವಾಗದಿದ್ದರೆ ಏನು ಕೊಟ್ಟಿರಿ, ಏನು ಬಂತು, ಏನು ಬರಬೇಕಿತ್ತು ಅಂತ ಮೂರು ಪ್ರಶ್ನೆ ಕೇಳಿ.

ಕೆಲವೊಮ್ಮೆ ಸರಿ ಯಾವುದು ಅಂತಲೇ ಗೊತ್ತಾಗದ ಜಗಳ ಬರುತ್ತದೆ. ನನ್ನಲ್ಲಿ 500ರ ಮೇಲೆ ಬಂತು. "ಐನೂರು" ಅಂತ ನಾನು ಬರೆದಿದ್ದೆ. "ಐದು ನೂರು ಅಂತ ಇರಲಿ, ರಸೀದಿಯಲ್ಲಿ ಸ್ಪಷ್ಟ" ಅಂತ ಒಬ್ಬರು. "ಐದು ನೂರಾ? ಮೇಷ್ಟ್ರು ಕಿವಿ ಹಿಂಡ್ತಿದ್ರು" ಅಂತ ಇನ್ನೊಬ್ಬರು. ಇಪ್ಪತ್ತು ಸಂದೇಶ ಓಡಾಡಿದವು. ಕೊನೆಗೆ ಮಾಮೂಲಿಗೆ ಐನೂರು, ಬೇಕಾದವರು ಬದಲಿಸಿಕೊಳ್ಳಲು ಒಂದು ಆಯ್ಕೆ ಅಂತ ಇಟ್ಟೆ. ಅದೇ ಚರ್ಚೆಯಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಇನ್ನೊಂದು ಮಾತು ಹೇಳಿದರು. 1000ಕ್ಕೆ ಬರೀ "ಸಾವಿರ" ಅಂತ ಬರುತ್ತಿತ್ತು. "ಚೆಕ್ಕಿನಲ್ಲಿ ಹಾಗೆ ಬಿಡಬಾರದು ಕಣಪ್ಪ, ಮುಂದೆ ಯಾರಾದ್ರೂ ಹತ್ತು ಅಂತ ಸೇರಿಸಿಬಿಡ್ತಾರೆ. ಒಂದು ಸಾವಿರ ಅಂತ ಬರಬೇಕು, ಕೊನೆಗೆ 'ಮಾತ್ರ' ಅಂತ ಇರಬೇಕು." ಇದನ್ನು ಯಾವ ಕೋಡ್ ರಿವ್ಯೂನಲ್ಲೂ ನನಗೆ ಯಾರೂ ಹೇಳುತ್ತಿರಲಿಲ್ಲ.

ಎಲ್ಲರಿಗೂ ಹೂಂ ಅನ್ನಬೇಕಿಲ್ಲ. 2020ರ ಅಕ್ಟೋಬರಿನಲ್ಲಿ, ಓಪನ್ ಸೋರ್ಸಿಗೆ ಕೈ ಜೋಡಿಸಿದವರಿಗೆ ಬಹುಮಾನ ಕೊಡುತ್ತಿದ್ದ ಹ್ಯಾಕ್ಟೋಬರ್‌ಫೆಸ್ಟ್‌ನ ಟೀ ಶರ್ಟ್ ಆಸೆಗೆ ಜನ ಸಿಕ್ಕಸಿಕ್ಕ ರೀಡ್‌ಮಿಗೆ ಒಂದೊಂದು ಪದ ಸೇರಿಸಿ ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಸುರಿದರು. ಕೊನೆಗೆ ಆಯೋಜಕರು ನಡುವೆಯೇ ನಿಯಮ ಬದಲಿಸಿ, ಒಪ್ಪಿದ ಪ್ರಾಜೆಕ್ಟುಗಳಿಗೆ ಮಾತ್ರ ಅಂತ ಮಾಡಬೇಕಾಯಿತು. ಈಗ ಎಐ ಬರೆದುಕೊಟ್ಟದ್ದನ್ನು ಓದದೇ ಕಳಿಸುವವರೂ ಇದ್ದಾರೆ. "ಇದು ಈ ಪ್ರಾಜೆಕ್ಟಿಗೆ ಹೊಂದುವುದಿಲ್ಲ, ಕ್ಷಮಿಸಿ" ಅಂತ ಒಂದು ಸಾಲು ಬರೆದು ಮುಚ್ಚಿಬಿಡಿ.

ಹೆಜ್ಜೆ 9: ಸುಸ್ತಾದರೆ

ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಎಕ್ಸ್‌ಝಡ್ ಅನ್ನುವ ಫೈಲ್ ಕುಗ್ಗಿಸುವ ಟೂಲನ್ನು ಬಹಳ ವರ್ಷ ಒಬ್ಬರೇ ಬಿಡುವಿನಲ್ಲಿ ನೋಡಿಕೊಳ್ಳುತ್ತಿದ್ದರು. ಅವರು ದಣಿದಿದ್ದ ಹೊತ್ತಿಗೆ ಜಿಯಾ ಟ್ಯಾನ್ ಅನ್ನುವ ಹೆಸರಿನಲ್ಲಿ ಒಬ್ಬರು ಬಂದು, ಎರಡು ವರ್ಷಕ್ಕೂ ಜಾಸ್ತಿ ನಿಯತ್ತಾಗಿ ಕೆಲಸ ಮಾಡಿ ನಂಬಿಕೆ ಗಳಿಸಿ, 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಇಟ್ಟರು. 2024ರ ಮಾರ್ಚ್ ಕೊನೆಯಲ್ಲಿ ಆಂಡ್ರೆಸ್ ಫ್ರಾಯಿಂಡ್ ಅನ್ನುವ ಡೆವಲಪರ್, ದೂರದ ಕಂಪ್ಯೂಟರಿಗೆ ಒಳಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡ ಆಗುತ್ತಿದೆಯಲ್ಲ ಅಂತ ಕೆದಕಿದ್ದಕ್ಕೆ ಅದು ಬಯಲಾಯಿತು. ಕೋಡ್ ತೆರೆದಿತ್ತು, ಅದಕ್ಕೇ ಕೆದಕಲು ಸಾಧ್ಯವಾಯಿತು. ಒಬ್ಬರ ಹೆಗಲ ಮೇಲೆ ಎಲ್ಲ ಭಾರ ಬಿದ್ದರೆ ಏನಾಗುತ್ತೆ ಅನ್ನುವುದೂ ಅಲ್ಲೇ ಕಂಡಿತು.

ಆದ್ದರಿಂದ ವಾರಕ್ಕೆ ಇಷ್ಟೇ ಹೊತ್ತು ಅಂತ ಇಟ್ಟುಕೊಳ್ಳಿ. ನನ್ನದು ಭಾನುವಾರ ಒಂದು ಗಂಟೆ, ರೀಡ್‌ಮಿಯಲ್ಲೇ ಬರೆದಿದ್ದೇನೆ. ಬೇಡ ಅನ್ನಿಸಿದ ದಿನ ಆರ್ಕೈವ್ ಬಟನ್ ಒತ್ತಿ, "ಇನ್ನು ನೋಡಿಕೊಳ್ಳುತ್ತಿಲ್ಲ, ಬೇಕಾದವರು ಫೋರ್ಕ್ (ತಮ್ಮದೇ ಪ್ರತಿ) ಮಾಡಿಕೊಳ್ಳಿ" ಅಂತ ಬರೆದರೆ ಅದರಲ್ಲಿ ಅವಮಾನ ಏನಿಲ್ಲ. ಬೀಗದ ಕೈ ಬೇರೆಯವರಿಗೆ ಕೊಡುವುದಾದರೆ, ಅವರು ಕಳಿಸಿದ ಬದಲಾವಣೆಗಳನ್ನು ಕೆಲವು ತಿಂಗಳಾದರೂ ನೀವೇ ಓದಿ ನೋಡಿದ ಮೇಲೆ ಕೊಡಿ.

ದುಡ್ಡು? ಚಿಕ್ಕ ಪ್ರಾಜೆಕ್ಟಿನಿಂದ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಗಿಟ್‌ಹಬ್‌ನಲ್ಲಿ ಜನ ಮೆಚ್ಚಿ ಕೊಟ್ಟ ಸ್ಟಾರ್ ತೋರಿಸಿದರೆ ಅಂಗಡಿಯಲ್ಲಿ ಅಕ್ಕಿ ಕೊಡಲ್ಲ. ಬಹಳ ಜನ ಬಳಸುವ ಪ್ರಾಜೆಕ್ಟ್ ಆಗಿ ಬೆಳೆದರೆ ದಾರಿಗಳಿವೆ. ಬೆಂಗಳೂರಿನ ಷೇರು ವ್ಯವಹಾರದ ಕಂಪನಿ ಝೆರೋಧಾ, ಓಪನ್ ಸೋರ್ಸ್ ಪ್ರಾಜೆಕ್ಟುಗಳಿಗೆ ನೆರವಾಗಲು 2024ರಲ್ಲಿ ವರ್ಷಕ್ಕೆ 10 ಲಕ್ಷ ಡಾಲರ್‌ನ ಫ್ಲಾಸ್ ಫಂಡ್ ಅನ್ನು ಶುರು ಮಾಡಿದೆ.

ನನ್ನದು ಅಲ್ಲಿಗೆಲ್ಲ ಹೋಗುವಂಥದ್ದಲ್ಲ. ಚಿಕ್ಕಪ್ಪನ ಮಂಡಿಯಲ್ಲಿ ಈಗ ಹೊಸ ಆವೃತ್ತಿ ಓಡುತ್ತಿದೆ. ಸದ್ಯ ಬಾಕಿ ಇರುವ ಇಶ್ಯೂ ಒಂದೇ. ಪುತ್ತೂರಿನವರೊಬ್ಬರು ತುಳುವಿನಲ್ಲೂ ಬೇಕು ಅಂತ ಕೇಳಿದ್ದಾರೆ. ಅವರಿಗೆ ತುಳು ಬರುತ್ತೆ, ಜಾವಾಸ್ಕ್ರಿಪ್ಟ್ ಬರಲ್ಲ. ನನಗೆ ಉಲ್ಟಾ. ಒಂದರಿಂದ ನೂರರ ತನಕ ಪಟ್ಟಿ ಬರೆದು ಕಳಿಸಿ ಅಂದಿದ್ದೇನೆ, ಮೂವತ್ತೇಳರ ತನಕ ಬಂದಿದೆ.